ಯುದ್ಧಚಿತ್ರದಲ್ಲಿ ತಲೆ ಎಣಿಸಿದರೆ ಸಾಲದು

ಚಿ. ಮೇಘನಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಪ್ರಬಂಧದ ಕರಡು ಓದಿದೆ. ಎರಡನೇ ಮಹಾಯುದ್ಧದ ಹಾಲಿವುಡ್ ಚಿತ್ರ ‘ಬಟಾನ್’ (1943)ನ ತುಕಡಿಯಲ್ಲಿ ಕಪ್ಪು ಜನಾಂಗದ ಸೈನಿಕನೊಬ್ಬ ಇದ್ದಾನೆ, ಹಾಗಾಗಿ ಅಂದಿನ ಅಮೆರಿಕದ ಸೇನೆಯಲ್ಲಿ ಭೇದ ಕಡಿಮೆಯಿತ್ತು ಎಂದಿದ್ದೀಯಲ್ಲ, ಆ ವಾಕ್ಯ ಮೊದಲು ಹೊಡೆದುಹಾಕು. ಆಗ ಕಪ್ಪು ಸೈನಿಕರ ದಳಗಳೇ ಬೇರೆ. ಭೇದ ತೆಗೆಯುವ ಆದೇಶಕ್ಕೆ ಅಧ್ಯಕ್ಷ ಟ್ರೂಮನ್ ಸಹಿ ಹಾಕಿದ್ದು 1948ರ ಜುಲೈ 26ರಂದು. ಅದು ನಿಜವಾಗಿ ಜಾರಿಯಾಗಲು ಕೊರಿಯಾ ಯುದ್ಧ ಬರಬೇಕಾಯಿತು. ಪರದೆ ಸೇನೆಗಿಂತ ಮುಂದಿತ್ತು. ಯಾಕೆಂದರೆ 1942ರಲ್ಲಿ ಹುಟ್ಟಿದ ಸರ್ಕಾರದ ಯುದ್ಧ ಮಾಹಿತಿ ಕಚೇರಿ ಸ್ಟುಡಿಯೋಗಳಿಗೆ ಕೈಪಿಡಿಯನ್ನೇ ಕೊಟ್ಟಿತ್ತು: ಇದು ಎಲ್ಲರ ಯುದ್ಧ ಅಂತ ಕಾಣಬೇಕು. ಇನ್ನೊಂದು ಕಡೆಯಿಂದ ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡುವ ಸಂಘಟನೆ ಎನ್‌ಎಎಸಿಪಿಯ ವಾಲ್ಟರ್ ವೈಟ್ ಹಾಲಿವುಡ್‌ನ ಬೆನ್ನು ಬಿದ್ದಿದ್ದರು.

ಚಿತ್ರವನ್ನು ಎರಡನೇ ಸಲ ನೋಡುವಾಗ ಕೈಯಲ್ಲಿ ಪೆನ್ನಿರಲಿ. ಪ್ರತಿ ಪಾತ್ರಕ್ಕೂ ಬರೆದುಕೋ: ಹೆಸರಿದೆಯೇ, ಹುದ್ದೆ ಏನು, ಕೆಲಸ ಏನು, ಯಾರು ಇವನ ಮಾತು ಕೇಳುತ್ತಾರೆ, ಎಷ್ಟನೇ ನಿಮಿಷಕ್ಕೆ ಸಾಯುತ್ತಾನೆ. ಕೆನೆತ್ ಸ್ಪೆನ್ಸರ್ ಮಾಡಿದ ಎಪ್ಸ್‌ಗೆ ಹೆಸರಿದೆ, ಸ್ಫೋಟಕಗಳ ಕೆಲಸ ಗೊತ್ತು, ಸತ್ತವರನ್ನು ಹೂಳುವಾಗ ಪ್ರಾರ್ಥನೆ ಹೇಳುವವನೂ ಅವನೇ. ಹುದ್ದೆ ಮಾತ್ರ ಸಾಮಾನ್ಯ ಸಿಪಾಯಿಯದು. ಉತ್ತರ ಆಫ್ರಿಕಾದ ಮರುಭೂಮಿಯಲ್ಲಿ ಒಂದು ಟ್ಯಾಂಕ್ ಹತ್ತಿ ಹೊರಟವರ ಕಥೆಯಾದ ಅದೇ ವರ್ಷದ ‘ಸಹಾರಾ’ ಚಿತ್ರದಲ್ಲಿ ರೆಕ್ಸ್ ಇಂಗ್ರಾಮ್ ಮಾಡಿದ ಸುಡಾನಿ ತಂಬುಲ್ ಸಾರ್ಜೆಂಟ್ ಮೇಜರ್, ಬಾವಿಗಿಳಿದು ಬೊಗಸೆಯಲ್ಲಿ ಹನಿ ಹಿಡಿದು ಎಲ್ಲರ ಬಾಯಾರಿಕೆ ತಣಿಸುವವನು. ಕಪ್ಪು ಜನಾಂಗದ ತಂಬುಲ್ ತನ್ನನ್ನು ಮುಟ್ಟಿ ತಪಾಸಣೆ ಮಾಡಬಾರದು ಅನ್ನುತ್ತಾನೆ ಜರ್ಮನ್ ಕೈದಿ. ಆ ದೃಶ್ಯವನ್ನು ಬಿಟ್ಟೇ ಬಿಟ್ಟಿದ್ದೀಯ!

ಪಾತ್ರದ ಪಕ್ಕದಲ್ಲೇ ನಟನ ಮೂಲವನ್ನೂ ಬರೆ. ಅಮೆರಿಕದಲ್ಲಿದ್ದ ಜಪಾನಿ ಮೂಲದವರನ್ನು 1942ರಿಂದ ಬಂಧನ ಶಿಬಿರಗಳಿಗೆ ತಳ್ಳಿದ್ದರಿಂದ, ಜಪಾನಿ ಅಧಿಕಾರಿಗಳ ಪಾತ್ರ ಚೀನೀ ಮೂಲದ ರಿಚರ್ಡ್ ಲೂ, ಕೊರಿಯನ್ ಮೂಲದ ಫಿಲಿಪ್ ಆನ್ ಅವರ ಪಾಲಾದವು. ಅದೇ ಲೂ, ಸ್ಯಾಮ್ಯುಯೆಲ್ ಫುಲ್ಲರ್ ನಿರ್ದೇಶಿಸಿದ ಕೊರಿಯಾ ಯುದ್ಧದ ಚಿತ್ರ ‘ದಿ ಸ್ಟೀಲ್ ಹೆಲ್ಮೆಟ್’ (1951)ನಲ್ಲಿ ಜಪಾನಿ ಮೂಲದ ಅಮೆರಿಕನ್ ಸಾರ್ಜೆಂಟ್ ಟನಾಕಾ. ಸೆರೆಸಿಕ್ಕ ಉತ್ತರ ಕೊರಿಯಾದ ಅಧಿಕಾರಿ ಇವನನ್ನು ಶಿಬಿರದ ವಿಷಯವಾಗಿ ಕೆಣಕುತ್ತಾನೆ. ಕಪ್ಪು ವೈದ್ಯ ಸಹಾಯಕನನ್ನು, ಕಪ್ಪು ಜನ ಬಸ್ಸಿನ ಹಿಂದಿನ ಸೀಟಿನಲ್ಲೇ ಕೂರಬೇಕಾಗಿದ್ದ ವಿಷಯವಾಗಿ. ಪ್ರಶ್ನೆ ನಿಜ, ಆದರೆ ಅದನ್ನು ಶತ್ರುವಿನ ಬಾಯಲ್ಲಿಟ್ಟಿದ್ದಾರೆ. ನಿನ್ನ ಪ್ರಬಂಧದ ನಡು ಅಧ್ಯಾಯ ಇದೇ ಆಗಲಿ.

ವರ್ಷ ಕಳೆದಂತೆ ಎಲ್ಲ ಸುಧಾರಿಸಿತು ಅಂತ ಗೆರೆ ಎಳೆಯಬೇಡ. ಎರಡನೇ ಮಹಾಯುದ್ಧದಲ್ಲಿ ಫ್ರಾನ್ಸ್‌ನಲ್ಲಿ ಸರಕು ಸಾಗಿಸಿದ ಅಮೆರಿಕ ಸೇನೆಯ ಲಾರಿ ಸಾಲು ರೆಡ್ ಬಾಲ್ ಎಕ್ಸ್‌ಪ್ರೆಸ್‌ನ ಚಾಲಕರಲ್ಲಿ ಸುಮಾರು ಮುಕ್ಕಾಲು ಪಾಲು ಕಪ್ಪು ಸೈನಿಕರು. 1952ರ ಅದೇ ಹೆಸರಿನ ಚಿತ್ರದಲ್ಲಿ ನಾಯಕ ಬಿಳಿಯ ಜೆಫ್ ಚಾಂಡ್ಲರ್, ಸಿಡ್ನಿ ಪಾಟಿಯೇ ಪೋಷಕ ಪಾತ್ರದಲ್ಲಿ. ಸೇನೆಯಿಂದ ವಾಹನ, ಸಲಕರಣೆ ಬೇಕೆಂದರೆ ಚಿತ್ರಕಥೆಯನ್ನು ಅವರ ಮುಂದಿಡಬೇಕಿತ್ತು ಎಂಬುದೂ ನೆನಪಿರಲಿ.

ಪಟ್ಟಿಯ ಕೊನೆಗೊಂದು ಖಾನೆ ಖಾಲಿ ಬಿಡು: ರಣರಂಗದಲ್ಲಿದ್ದು ಪರದೆಗೆ ಬಾರದವರಿಗೆ. ಎರಡನೇ ಮಹಾಯುದ್ಧದಲ್ಲಿ ಭಾರತೀಯ ಸೇನೆಯ ಬಲ 25 ಲಕ್ಷ ಮುಟ್ಟಿತ್ತು. ಉತ್ತರ ಆಫ್ರಿಕಾದಲ್ಲಿ ನಾಲ್ಕನೇ ಭಾರತೀಯ ಡಿವಿಷನ್ ಹೋರಾಡಿತು. ಬೆಂಗಳೂರು ನೆಲೆಯ ಸೇನಾ ಎಂಜಿನಿಯರುಗಳ ದಳ ಮದ್ರಾಸ್ ಸ್ಯಾಪರ್ಸ್ ಕೂಡ ಅಲ್ಲಿದ್ದರು. ‘ಸಹಾರಾ’ದ ಟ್ಯಾಂಕ್ ಹತ್ತಿದವರಲ್ಲಿ ಒಬ್ಬ ಭಾರತೀಯನೂ ಇಲ್ಲ.

ಮುಂದಿನ ಕರಡಿನ ಜೊತೆ ಪಟ್ಟಿಯನ್ನೂ ಕಳಿಸು, ನಿಮಿಷಗಳ ಸಮೇತ.

ಇಂತಿ,
ನಿನ್ನ ದೊಡ್ಡಪ್ಪ