ಛಾವಣಿ–ಕಿಟಕಿ ಕಾಮಗಾರಿಯ ಅಂದಾಜು ಬಿಲ್: ಲೀಸ್‌ಹೋಲ್ಡರುಗಳ ದೂರು

ಗೆ,
ಮುಖ್ಯಸ್ಥರು, ಲೀಸ್‌ಹೋಲ್ಡರ್ ಸೇವಾ ವಿಭಾಗ
ಬರೋ ಕೌನ್ಸಿಲ್, ಲಂಡನ್

ವಿಷಯ: ನಮ್ಮ ಬ್ಲಾಕಿನ ಸೆಕ್ಷನ್ 20 ನೋಟಿಸಿಗೆ (ದೊಡ್ಡ ಕಾಮಗಾರಿಗೆ ಮುನ್ನ ಲೀಸ್‌ಹೋಲ್ಡರುಗಳ ಅಭಿಪ್ರಾಯ ಕೇಳುವ ನೋಟಿಸು) ಆಕ್ಷೇಪಣೆ ಮತ್ತು ಮೊದಲ ಹಂತದ ದೂರು

ಮಾನ್ಯರೇ,

ನಮ್ಮ ನಾಲ್ಕು ಅಂತಸ್ತಿನ ಬ್ಲಾಕಿನ 24 ಫ್ಲ್ಯಾಟುಗಳಲ್ಲಿ 9, ದೀರ್ಘಾವಧಿ ಲೀಸಿನ ಮೇಲೆ ಕೊಂಡ ಲೀಸ್‌ಹೋಲ್ಡರುಗಳಾದ ನಮ್ಮವು, ಉಳಿದವುಗಳಲ್ಲಿ ನಿಮ್ಮ ಬಾಡಿಗೆದಾರರಿದ್ದಾರೆ. ನೋಟಿಸಿನ ಪ್ರಕಾರ ನಮಗೆ ಫ್ಲ್ಯಾಟೊಂದಕ್ಕೆ 28,600 ಪೌಂಡ್ ಬೀಳುತ್ತದೆ. ಕೆಲಸವೇ ಬೇಡವೆಂದು ನಾವು ಹೇಳುತ್ತಿಲ್ಲ. ಮೇಲಂತಸ್ತಿನಲ್ಲಿ ನೀರು ಇಳಿಯುತ್ತಿರುವುದು ನಿಜ. ಆದರೆ ಯಾವುದು ದುರಸ್ತಿ, ಯಾವುದು ಸುಧಾರಣೆ, ಯಾವುದು ನಮ್ಮ ಕಟ್ಟಡಕ್ಕೆ ಸೇರಿದ್ದೇ ಅಲ್ಲ ಎಂಬುದನ್ನು ಬಿಡಿಸದೆ ಎಲ್ಲವನ್ನೂ ಒಂದೇ ಮೊತ್ತದಲ್ಲಿ ಕಲಸಿದ್ದೀರಿ. ನಮ್ಮ ತಕರಾರು ಅದಕ್ಕೆ.

ಮೊದಲು ಛಾವಣಿ. ಫೆಲ್ಟ್ (ನೀರು ತಡೆಯುವ ಡಾಂಬರು ಹಾಸು) ಹಾಸಿದ ಚಪ್ಪಟೆ ಛಾವಣಿ ಹೆಚ್ಚಾಗಿ ಸೋರುವುದು ನಡುವಿನಲ್ಲಲ್ಲ, ನೀರು ಹೋಗುವ ಬಾಯಿಯ ಸುತ್ತ ಮತ್ತು ಪ್ಯಾರಪೆಟ್‌ಗೆ ಹಾಸು ಮೇಲೇರುವ ಅಂಚಿನಲ್ಲಿ. ಆ ಅಂಚು ಕನಿಷ್ಠ 150 ಮಿ.ಮೀ. ಎತ್ತರ ಇರಬೇಕು. ನಿಮ್ಮ ಸಮೀಕ್ಷೆಯ ಫೋಟೋಗಳಲ್ಲಿ ಕಾಣುವ ಬಿರುಕುಗಳೆಲ್ಲ ಅಲ್ಲೇ ಇವೆ. ಇಡೀ ಹಾಸನ್ನು ಕೀಳಬೇಕೇ, ಅಂಚು ದುರಸ್ತಿ ಮಾಡಿ ಮೇಲೊಂದು ಪದರ ಹೊದಿಸಿದರೆ ಸಾಕೇ ಎಂಬುದನ್ನು ಛಾವಣಿಯ ಪದರಗಳನ್ನು ಕೊರೆದು ತೆಗೆದ ಕೋರ್ ಸ್ಯಾಂಪಲ್ ಹೇಳುತ್ತದೆ: ಒಳಗಿನ ಇನ್ಸುಲೇಶನ್ (ಶಾಖ ತಡೆಯುವ ಪದರ) ನೆನೆದಿದ್ದರೆ ತೇಪೆ ಹಾಕಿ ಫಲವಿಲ್ಲ, ಒಣಗಿದ್ದರೆ ಕೀಳುವುದು ದುಂದು. ಎಷ್ಟು ಕಡೆ ಸ್ಯಾಂಪಲ್ ತೆಗೆದಿರಿ, ಏನು ಸಿಕ್ಕಿತು ಎಂಬುದು ವರದಿಯಲ್ಲಿ ಇಲ್ಲವೇ ಇಲ್ಲ. ಕೀಳುವುದೇ ಸರಿಯಾದರೆ ಕಟ್ಟಡ ನಿಯಮಗಳಂತೆ ಇನ್ಸುಲೇಶನ್ ಹೆಚ್ಚಿಸಬೇಕಾಗುತ್ತದೆ, ಆ ಖರ್ಚಿಗೆ ನಮ್ಮ ಆಕ್ಷೇಪವಿಲ್ಲ.

ಕಿಟಕಿಗಳ ಮಾತು ಬೇರೆ. ಈಗಿರುವುದು ಪಿವಿಸಿ ಚೌಕಟ್ಟಿನ ಎರಡು ಗಾಜಿನ ಕಿಟಕಿಗಳು. ಗಾಜುಗಳ ನಡುವೆ ಮಂಜು ಕಟ್ಟಿದೆ ಎಂದರೆ ಆ ಗಾಜಿನ ಜೋಡಿಯ ಅಂಚಿನ ಸೀಲ್ ಹೋಗಿದೆ ಎಂದರ್ಥ, ಚೌಕಟ್ಟು ಕೆಟ್ಟಿದೆ ಎಂದಲ್ಲ. ಗಾಜನ್ನು ಹಿಡಿದಿಡುವ ಒಳಗಿನ ಪಟ್ಟಿ (ಬೀಡಿಂಗ್) ಬಿಚ್ಚಿ ಗಾಜಿನ ಯೂನಿಟ್ ಬದಲಿಸಬಹುದು. ಮುಚ್ಚಲು ಬಿಗಿಯಾದ ಕಿಟಕಿಗೆ ಹೊಸ ಫ್ರಿಕ್ಷನ್ ಹಿಂಜ್, ಗಾಳಿ ನುಗ್ಗುವುದಕ್ಕೆ ಹೊಸ ರಬ್ಬರ್ ಗ್ಯಾಸ್ಕೆಟ್. ಇವಕ್ಕೆಲ್ಲ ಹೆಚ್ಚಿನ ಕಡೆ ಒಳಗಿನಿಂದಲೇ ಕೈ ಎಟುಕುತ್ತದೆ. ದುರಸ್ತಿಗೆ ಬಗ್ಗುವ ಕಿಟಕಿಯನ್ನು ಕಿತ್ತು ಹೊಸದು ಕೂರಿಸುವುದು ಸುಧಾರಣೆಯ ಲೆಕ್ಕಕ್ಕೆ ಹೋಗುತ್ತದೆ. ಕಡ್ಡಾಯವಲ್ಲದ ಸುಧಾರಣೆಗೆ ಹಣ ಕೇಳುವ ಮುನ್ನ ಲೀಸ್‌ಹೋಲ್ಡರುಗಳ ಅಭಿಪ್ರಾಯ, ಅವರ ಆರ್ಥಿಕ ಸ್ಥಿತಿ, ಅಗ್ಗದ ಪರ್ಯಾಯ ಮೂರನ್ನೂ ತೂಗಿ ನೋಡಬೇಕೆಂಬುದು 2017ರ ವಾಲರ್–ಹೌನ್ಸ್ಲೋ ಪ್ರಕರಣದಲ್ಲಿ ಮೇಲ್ಮನವಿ ನ್ಯಾಯಾಲಯದ ತೀರ್ಪಿನ ಸಾರ. ನಿಮ್ಮ ಕಡತದಲ್ಲಿ ಅಂಥ ತೂಗುವಿಕೆಯ ಒಂದು ಪುಟ ಇದ್ದರೂ ತೋರಿಸಿ.

ಸ್ಕ್ಯಾಫೋಲ್ಡಿಂಗ್ (ಕೆಲಸಕ್ಕೆ ಕಟ್ಟುವ ಅಟ್ಟಣೆ), ಸೈಟ್ ಕಚೇರಿ, ವೃತ್ತಿಪರ ಶುಲ್ಕ, ಅನಿರೀಕ್ಷಿತ ವೆಚ್ಚ, ಇವುಗಳ ಮೇಲೆ ಮತ್ತೆ ನಿಮ್ಮ ನಿರ್ವಹಣಾ ಶುಲ್ಕ: ಮೂಗಿಗಿಂತ ಮೂಗುತಿ ಭಾರ. ಸ್ಕ್ಯಾಫೋಲ್ಡಿಂಗ್ ಬಾಡಿಗೆ ವಾರದ ಲೆಕ್ಕದಲ್ಲಿ ಏರುತ್ತದೆ. ಕಿಟಕಿ ಇನ್ನೂ ಕಾರ್ಖಾನೆಯಲ್ಲಿರುವಾಗ ಕಂಬ ನಿಲ್ಲಿಸಿದರೆ ಆ ಖಾಲಿ ವಾರಗಳ ದುಡ್ಡು ನಮ್ಮದಾಗಬಾರದು. ಇನ್ನು ಪಟ್ಟಿಯ ಕೊನೆಯಲ್ಲಿ ಲಿಫ್ಟಿನ ಕಂಟ್ರೋಲ್ ಪ್ಯಾನೆಲ್ ಇದೆ. ನಮ್ಮ ಬ್ಲಾಕಿನಲ್ಲಿ ಲಿಫ್ಟೇ ಇಲ್ಲ! ಲೀಸಿನಲ್ಲಿ ‘ಕಟ್ಟಡ’ ಎಂದರೆ ಈ ಬ್ಲಾಕ್ ಮಾತ್ರ, ಇಡೀ ಎಸ್ಟೇಟ್ ಅಲ್ಲ.

ಕೌನ್ಸಿಲ್ ಬಾಡಿಗೆದಾರರು ತಾವಿರುವ ಮನೆಯನ್ನೇ ಕೊಳ್ಳುವ ರೈಟ್ ಟು ಬೈ ಯೋಜನೆಯಡಿ ಕೊಂಡು ಇನ್ನೂ ಆರಂಭದ ಐದು ವರ್ಷದ ಅವಧಿಯಲ್ಲಿರುವ ಫ್ಲ್ಯಾಟುಗಳನ್ನು ಬೇರೆ ತೆಗೆಯಿರಿ. ಮಾರಾಟಕ್ಕೆ ಮುನ್ನ ನೀವು ಕೊಟ್ಟ ಸೆಕ್ಷನ್ 125 ನೋಟಿಸಿನಲ್ಲಿ ನಮೂದಿಸದ ಸುಧಾರಣೆಗೆ ಅವರಿಂದ ವಸೂಲಿ ಮಾಡುವಂತಿಲ್ಲ. ನಮೂದಿಸಿದ್ದರೂ ಆ ಅಂದಾಜು ಮತ್ತು ಬೆಲೆಯೇರಿಕೆಯ ಭತ್ಯೆಯನ್ನು ಮೀರುವಂತಿಲ್ಲ.

ಈ ಯೋಜನೆಗೆ ಕೇಂದ್ರ ಸರ್ಕಾರದ ಅನುದಾನ ಭಾಗಶಃವಾದರೂ ಸೇರಿದೆಯೇ? ಸೇರಿದ್ದರೆ ‘ಫ್ಲೋರಿ ಕಾನೂನು’ ಎಂದು ಕರೆಯುವ 2014ರ ನಿರ್ದೇಶನದ ಪ್ರಶ್ನೆ ಏಳುತ್ತದೆ. ಅದು ಅನ್ವಯಿಸುವ ಕಾಮಗಾರಿಗೆ, ಫ್ಲ್ಯಾಟನ್ನೇ ಮುಖ್ಯ ಮನೆಯಾಗಿಸಿಕೊಂಡವರಿಂದ ಲಂಡನ್‌ನಲ್ಲಿ ಯಾವುದೇ ಐದು ವರ್ಷಗಳಲ್ಲಿ 15,000 ಪೌಂಡಿಗಿಂತ ಹೆಚ್ಚು ಕೇಳುವಂತಿಲ್ಲ. ಅನುದಾನದ ಹೆಸರು, ಮೊತ್ತ, ಮಂಜೂರಾತಿ ಪತ್ರ ಕಳಿಸಿ.

ಗುತ್ತಿಗೆದಾರರು ದೀರ್ಘಾವಧಿ ಒಪ್ಪಂದದವರು, ಬೇರೆ ಹೆಸರು ಸೂಚಿಸುವ ಹಕ್ಕು ನಮಗಿಲ್ಲ ಎಂಬುದು ಗೊತ್ತು. ಅದಕ್ಕೇ ಅಳತೆ ಮತ್ತು ದರಸಹಿತ ಪೂರ್ಣ ಪಟ್ಟಿ, ಸಮೀಕ್ಷೆಯ ಮೂಲ ಪ್ರತಿ, 24 ಫ್ಲ್ಯಾಟುಗಳಿಗೂ ಪಾಲು ಹಂಚಿದ ಕೋಷ್ಟಕ ಬೇಕು. 30 ದಿನಗಳ ಗಡುವಿನೊಳಗೇ ಬರೆಯುತ್ತಿದ್ದೇವೆ. ಆಕ್ಷೇಪಣೆಗಳಿಗೆ ಲಿಖಿತ ಉತ್ತರ ಕೊಡಲು 2003ರ ಸಮಾಲೋಚನಾ ನಿಯಮಾವಳಿ ನಿಮಗೆ ಕೊಟ್ಟಿರುವ ಕಾಲ, ಪತ್ರ ತಲುಪಿದ ದಿನದಿಂದ 21 ದಿನ. ಸಮಾಲೋಚನೆ ಸರಿಯಾಗಿ ನಡೆಯದಿದ್ದರೆ, ಟ್ರಿಬ್ಯೂನಲ್ ವಿನಾಯಿತಿ ಕೊಡದ ಹೊರತು, ತಲಾ ವಸೂಲಿ 250 ಪೌಂಡಿಗೆ ನಿಲ್ಲುತ್ತದೆ ಎಂಬುದನ್ನು ನೆನಪಿಸುತ್ತೇವೆ.

ದೂರಿನ ನಿರ್ವಹಣೆ ಸರಿಯಾಗದಿದ್ದರೆ ವಸತಿ ದೂರುಗಳನ್ನು ವಿಚಾರಿಸುವ ಹೌಸಿಂಗ್ ಆಂಬುಡ್ಸ್‌ಮನ್‌ಗೆ, ಮೊತ್ತದ ನ್ಯಾಯಬದ್ಧತೆಯ ಬಗ್ಗೆ ಸೆಕ್ಷನ್ 27ಎ ಅಡಿ ಫಸ್ಟ್-ಟಿಯರ್ ಟ್ರಿಬ್ಯೂನಲ್‌ಗೆ ಹೋಗುತ್ತೇವೆ. ಈ ಪತ್ರದ ಇಂಗ್ಲಿಷ್ ಪ್ರತಿ ಜೊತೆಗಿದೆ.

ಇತಿ,
ಬ್ಲಾಕಿನ 9 ಲೀಸ್‌ಹೋಲ್ಡರುಗಳು