ರಾಜಯಕ್ಷ್ಮ ಎಂದು ಬರೆಯುವ ಮುನ್ನ

ಪ್ರಿಯ ಸುಮಾ,

ನಿನ್ನ ಕಾದಂಬರಿಯ ಕರಡು ಓದಿದೆ. ಮೊದಲ ಅಧ್ಯಾಯದಲ್ಲಿ ಪಂಡಿತರು ನಾಡಿ ಹಿಡಿದು ‘ರಾಜಯಕ್ಷ್ಮ’ ಅನ್ನುತ್ತಾರೆ. ಹತ್ತು ಪುಟ ದಾಟಿದರೆ ಅದೇ ಕಾಯಿಲೆ ‘ಶೋಷ’, ಆಮೇಲೆ ‘ಕ್ಷಯ’, ಕೊನೆಗೆ ‘ಟಿ.ಬಿ.’ ಒಂದೇ ಪದ ಮತ್ತೆ ಮತ್ತೆ ಬರಬಾರದೆಂದು ಹೀಗೆ ಮಾಡಿರುವೆ. ಆದರೆ ಕಾಯಿಲೆಯ ಹೆಸರು ಬದಲಾದರೆ ಓದುವವರಿಗೆ ಕಾಯಿಲೆಯೇ ಬದಲಾದಂತೆ ಕಾಣುತ್ತದೆ.

‘ಯಕ್ಷ್ಮ’ ಋಗ್ವೇದದಷ್ಟು ಹಳೆಯ ಪದ. ಹತ್ತನೇ ಮಂಡಲದ 161ನೇ ಸೂಕ್ತದಲ್ಲಿ ‘ರಾಜಯಕ್ಷ್ಮ’ದ ಪಕ್ಕದಲ್ಲೇ ‘ಅಜ್ಞಾತಯಕ್ಷ್ಮ’ವೂ ಇದೆ. ಚರಕ ಸಂಹಿತೆಯ ಚಿಕಿತ್ಸಾಸ್ಥಾನದ 8ನೇ ಅಧ್ಯಾಯ ಪೂರ್ತಿ ರಾಜಯಕ್ಷ್ಮಕ್ಕೇ ಮೀಸಲು. ದಕ್ಷನ ಮಕ್ಕಳನ್ನೆಲ್ಲ ಮದುವೆಯಾಗಿ ರೋಹಿಣಿಯೊಬ್ಬಳಲ್ಲೇ ಮನಸ್ಸಿಟ್ಟ ಚಂದ್ರನಿಗೆ ಮಾವನ ಕೋಪದಿಂದ ಬಂದ ರೋಗ ಅದು. ನಕ್ಷತ್ರಗಳ ರಾಜನಾದ ಚಂದ್ರನಿಗೆ ಬಂದದ್ದರಿಂದ ಆ ಹೆಸರು. ರಸ, ರಕ್ತ ಮೊದಲಾದ ದೇಹದ ಧಾತುಗಳನ್ನು ಒಣಗಿಸುವುದರಿಂದ ಶೋಷ, ದೇಹದ ಕ್ರಿಯೆಗಳನ್ನು ಕುಂದಿಸುವುದರಿಂದ ಕ್ಷಯ ಎಂದು ಸುಶ್ರುತ ಬಿಡಿಸಿ ಹೇಳುತ್ತಾನೆ. ಚರಕ ಕೊಡುವ ಕಾರಣಗಳು ನಾಲ್ಕು: ಮೈಗೆ ಮೀರಿದ ಸಾಹಸ, ಮಲಮೂತ್ರಾದಿ ವೇಗಗಳನ್ನು ತಡೆಯುವುದು, ಧಾತುಗಳ ಕ್ಷಯ, ಹೊತ್ತುಗೊತ್ತಿಲ್ಲದ ಊಟ. ನಿನ್ನ ಪಂಡಿತರು ಓದಿದವರಾದರೆ ಬರೀ ನಾಡಿ ಹಿಡಿದು ಹೆಸರು ಹೇಳಿಬಿಡುವುದಿಲ್ಲ. ಹೆಗಲು ಮತ್ತು ಪಕ್ಕೆಯಲ್ಲಿ ನೋವು, ಅಂಗೈ ಅಂಗಾಲಿನಲ್ಲಿ ಉರಿ, ಮೈಯೆಲ್ಲ ಜ್ವರ, ಈ ಮೂರನ್ನೂ ವಿಚಾರಿಸುತ್ತಾರೆ. ಆ ಪ್ರಶ್ನೆಗಳನ್ನು ಸಂಭಾಷಣೆಗೆ ತಂದರೆ ದೃಶ್ಯ ಗಟ್ಟಿಯಾಗುತ್ತದೆ.

ಈ ಲಕ್ಷಣಗಳು ಇಂದಿನ ಕ್ಷಯರೋಗವನ್ನು, ಅಂದರೆ ಟಿ.ಬಿ.ಯನ್ನು, ಬಹಳಷ್ಟು ಹೋಲುತ್ತವೆ, ನಿಜ. ಆದರೂ ಎರಡನ್ನೂ ಒಂದೇ ಎಂದು ಬರೆಯಬೇಡ. ರಾಜಯಕ್ಷ್ಮ ಲಕ್ಷಣ ನೋಡಿ ಇಟ್ಟ ಹೆಸರು. ಮೈಯನ್ನು ಸವೆಸುವ ಬೇರೆ ರೋಗಗಳೂ ಅದರೊಳಗೆ ಸೇರಿಕೊಂಡಿರಬಹುದು. ಟಿ.ಬಿ. ಒಂದು ರೋಗಾಣುವಿನ ಕಾಯಿಲೆ. ಆ ರೋಗಾಣುವನ್ನು ಕಂಡುಹಿಡಿದದ್ದನ್ನು ರಾಬರ್ಟ್ ಕಾಖ್ ಬರ್ಲಿನ್‌ನಲ್ಲಿ ಪ್ರಕಟಿಸಿದ್ದು 1882ರ ಮಾರ್ಚ್ 24ರಂದು. ಇಂದಿನ ಕನ್ನಡದಲ್ಲಿ ‘ಕ್ಷಯರೋಗ’ ಎಂದರೆ ಟಿ.ಬಿ.ಯೇ. ಆದರೆ ಸಮಾಸದಲ್ಲಿ ಎಚ್ಚರ ಬೇಕು: ಮೂಳೆ ಕ್ಷಯ ಟಿ.ಬಿ., ದಂತಕ್ಷಯವೂ ಸ್ನಾಯುಕ್ಷಯವೂ ಅಲ್ಲ. ‘ಸೊರಗು ರೋಗ’ ಅಂದರೆ ರೈತರಿಗೆ ನೆನಪಾಗುವುದು ತೊಗರಿ ಗಿಡ.

ಕಾಲದ ತಪ್ಪು ಇನ್ನೂ ದೊಡ್ಡದು. ನಿನ್ನ ಕಥೆ ನಡೆಯುವುದು 1938ರಲ್ಲಿ. ಅಲ್ಲಿ ಡಾಕ್ಟರು ಇಂಜೆಕ್ಷನ್ ಕೊಟ್ಟು ಟಿ.ಬಿ. ವಾಸಿಮಾಡುತ್ತಾರೆ. ಟಿ.ಬಿ.ಗೆ ನಾಟಿದ ಮೊದಲ ಔಷಧಿ ಸ್ಟ್ರೆಪ್ಟೊಮೈಸಿನ್ ಕಂಡುಹಿಡಿದದ್ದೇ 1943ರಲ್ಲಿ. ಅದಕ್ಕೆ ಮುಂಚೆ ಇದ್ದದ್ದು ಸ್ಯಾನಟೋರಿಯಂ: ತಿಂಗಳುಗಟ್ಟಲೆ ಮಲಗಿರುವುದು, ತೆರೆದ ಗಾಳಿ, ಹಾಲು, ಮೊಟ್ಟೆ. ಕೆಲವರಿಗೆ ಪಕ್ಕೆಯಿಂದ ಸೂಜಿ ಚುಚ್ಚಿ, ಎದೆಗೂಡಿಗೆ ಗಾಳಿ ತುಂಬಿ, ರೋಗ ಹಿಡಿದ ಶ್ವಾಸಕೋಶವನ್ನು ಕುಗ್ಗಿಸುತ್ತಿದ್ದರು. ಗಾಳಿ ಇಂಗಿಹೋಗುವುದರಿಂದ ಮತ್ತೆ ಮತ್ತೆ ತುಂಬಬೇಕಾಗಿತ್ತು. ಮೈಸೂರಿನಲ್ಲಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಸ್ಯಾನಟೋರಿಯಂ ಇತ್ತು. ನಿನ್ನ ನಾಯಕನನ್ನು ಅಂಥ ಕಡೆ ಕಳಿಸು. ವಾಸಿಯಾಗುವ ಭರವಸೆ ಮಾತ್ರ ಕೊಡಬೇಡ.

ರಕ್ತ ಕೆಮ್ಮುವ ದೃಶ್ಯಕ್ಕೆ ಅವಸರ ಬೇಡ. ಸಂಜೆಯಾದರೆ ಸಣ್ಣ ಜ್ವರ, ರಾತ್ರಿ ಹಾಸಿಗೆ ಒದ್ದೆಯಾಗುವಷ್ಟು ಬೆವರು, ಬಿಡದ ಕೆಮ್ಮು, ಸಡಿಲವಾಗುವ ಅಂಗಿ: ರೋಗ ಹೀಗೆ ತಿಂಗಳುಗಟ್ಟಲೆ ಒಳಗೇ ನಡೆಯುತ್ತದೆ. ಮನೆಯವರು ತಟ್ಟೆ ಲೋಟ ಬೇರೆ ಇಡುವುದನ್ನು ಬರೆ, ಆ ಕಾಲದಲ್ಲಿ ಹಾಗೇ ನಡೆಯುತ್ತಿತ್ತು. ಆದರೆ ಲೋಟದಿಂದ ರೋಗ ಹರಡಿತು ಎಂದು ನಿರೂಪಕಿಯ ಬಾಯಲ್ಲಿ ಹೇಳಿಸಬೇಡ. ಅದು ಹರಡುವುದು ಗಾಳಿಯಲ್ಲಿ.

ಐದನೇ ಅಧ್ಯಾಯದ ಮಗುವಿಗೂ ‘ಶೋಷ’ ಎಂದಿರುವೆ, ಪಾದ ಊದಿದೆ ಎಂದೂ ಬರೆದಿರುವೆ. ಎರಡು ಚಿತ್ರ ಕಲಸಿಹೋಗಿವೆ. ಆಹಾರವಿಲ್ಲದೆ ಒಣಗುವ ಮರಾಸ್ಮಸ್‌ನಲ್ಲಿ ಊತವಿರುವುದಿಲ್ಲ. ಮುಖ ಮುದುಕರದಂತಾಗುತ್ತದೆ, ಪಕ್ಕೆಲುಬು ಎಣಿಸಬಹುದು, ಕುಂಡೆಯ ಚರ್ಮ ನೆರಿಗೆಯಾಗಿ ಜೋಲುತ್ತದೆ. ಪಾದ ಊದಿದ್ದರೆ ಅದು ಅಪೌಷ್ಟಿಕತೆಯ ಇನ್ನೊಂದು ರೂಪವಾದ ಕ್ವಾಷಿಯಾರ್ಕರ್: ಹೆಬ್ಬೆರಳಿನಿಂದ ಕೆಲವು ಸೆಕೆಂಡು ಒತ್ತಿ ಬಿಟ್ಟರೆ ಗುಳಿ ಹಾಗೇ ಉಳಿಯುತ್ತದೆ. ಈಗಿನ ಕಾಲದ ಕಥೆಯಾದರೆ ಅಂಗನವಾಡಿಯ ಅಳತೆಪಟ್ಟಿ ತರಬಹುದು. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ತೋಳಿನ ನಡುಭಾಗದ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆಯಿದ್ದರೆ ತೀವ್ರ ಅಪೌಷ್ಟಿಕತೆ.

ಕ್ಯಾನ್ಸರಿನ ಅಜ್ಜಿಯದು ಮತ್ತೂ ಬೇರೆ. ಕಾಯಿಲೆಯಿಂದ ಹೀಗೆ ಮೈ ಕರಗುವುದನ್ನು ವೈದ್ಯರು ಕ್ಯಾಕೆಕ್ಸಿಯಾ ಅನ್ನುತ್ತಾರೆ. ಕೊಬ್ಬು ಮಾತ್ರವಲ್ಲ, ಸ್ನಾಯುವೂ ಕರಗುತ್ತದೆ. ಊಟ ಹೆಚ್ಚಿಸಿದ ಮಾತ್ರಕ್ಕೆ ಮೈ ಪೂರ್ತಿ ಹಿಂದಿರುಗುವುದಿಲ್ಲ. ಸೊಸೆ ಗಂಜಿ ಹಿಡಿದು ‘ಇನ್ನೆರಡು ಗುಟುಕು’ ಎಂದು ಗೋಗರೆಯುವಾಗ ‘ತಿಂದಿದ್ದರೆ ಬದುಕುತ್ತಿದ್ದಳು’ ಎಂಬ ತಪ್ಪನ್ನು ಅಜ್ಜಿಯ ಮೇಲೆ ಹೊರಿಸಬೇಡ. ಅದು ಅನ್ಯಾಯ.

ಕೊನೆಯದಾಗಿ ಸಂಭಾಷಣೆ. ‘ರಾಜಯಕ್ಷ್ಮ’ ಪಂಡಿತರ ಬಾಯಲ್ಲಿರಲಿ, ‘ಟಿ.ಬಿ.’ ಡಾಕ್ಟರ ಬಾಯಲ್ಲಿ. ತಾಯಿ ಎರಡನ್ನೂ ಹೇಳುವುದಿಲ್ಲ. ‘ಸೊರಗಿ ಹೋಗಿದಾನೆ, ಮೈ ಇಳಿದಿದೆ’ ಅನ್ನುತ್ತಾಳೆ. ಒಂದು ಮತ್ತು ಐದನೇ ಅಧ್ಯಾಯ ತಿದ್ದಿದ ಮೇಲೆ ಮತ್ತೆ ಕಳಿಸು.

ಪ್ರೀತಿಯಿಂದ,
ನಿನ್ನ ಹಿರಿಯ ಓದುಗ