ಅಪ್ಪನ ಪ್ರಶ್ನೆಗೆ ರಾಟರ್‌ಡ್ಯಾಮಿನಿಂದ ಉತ್ತರ

ತೀರ್ಥರೂಪು ಅಪ್ಪನವರಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು. ಉಭಯ ಕುಶಲೋಪರಿ.

ವಾಟ್ಸಾಪ್ ಸಂದೇಶವನ್ನು ಪೊಲೀಸರೂ ಓದಲಾರರು ಎಂದಾದರೆ, ಇಲ್ಲಿಯ ಕೊಕೇನ್ ಗ್ಯಾಂಗುಗಳು ಗುಪ್ತ ಸಂದೇಶಕ್ಕೆಂದೇ ಮಾರುತ್ತಿದ್ದ ಎನ್‌ಕ್ರೋಚಾಟ್ ಫೋನನ್ನೇ ಯಾಕೆ ಕೊಳ್ಳುತ್ತಿದ್ದವು ಎಂದು ಕೇಳಿದ್ದಿರಿ. ಬ್ರಿಟನ್ನಿನಲ್ಲಿ ಆರು ತಿಂಗಳಿಗೆ ಸುಮಾರು 1,500 ಪೌಂಡ್! ಠಾಣೆಯಲ್ಲಿ ರೈಟರ್ ಆಗಿದ್ದವರ ಪ್ರಶ್ನೆ. ಹಾರಿಕೆಯ ಉತ್ತರ ನಡೆಯುವುದಿಲ್ಲ.

ಅವರ ಭಯವಿದ್ದದ್ದು ದಾರಿಯಲ್ಲಿರುವ ಸಂದೇಶದ ಬಗ್ಗೆ ಅಲ್ಲ, ಪೊಲೀಸರ ಕೈಗೆ ಸಿಗುವ ಫೋನಿನ ಬಗ್ಗೆ. ವಾಟ್ಸಾಪ್‌ಗೆ ಮೊಬೈಲ್ ನಂಬರ್ ಬೇಕು. ನಂಬರ್ ಹಿಡಿದು ಹೊರಟರೆ ಮನುಷ್ಯ ಸಿಗುತ್ತಾನೆ. ಎನ್‌ಕ್ರೋಚಾಟ್‌ಗೆ ಅಡ್ಡಹೆಸರು ಸಾಕಿತ್ತು. ಹಲವು ಫೋನುಗಳಲ್ಲಿ ಕ್ಯಾಮೆರಾ, ಮೈಕ್, ಜಿಪಿಎಸ್ ಕಿತ್ತಿರುತ್ತಿದ್ದರು. ಬಾಗಿಲು ತಟ್ಟಿದ ಸದ್ದಾದರೆ ಒಂದು ಪಿನ್ ಒತ್ತುವುದು, ಒಳಗಿದ್ದದ್ದೆಲ್ಲ ಮಾಯ. ಜೊತೆಗೆ, ನಂಬಿಕಸ್ಥನೊಬ್ಬ ‘ಇದನ್ನೇ ಕೊಳ್ಳು’ ಎಂದು ಕೈಗಿಡುತ್ತಿದ್ದ. ಗೂಢಲಿಪಿಯ ಗಣಿತ ಯಾರಿಗೆ ಗೊತ್ತು? ಅವರು ನಂಬಿದ್ದು ಮಾರಿದವನನ್ನು.

ನನ್ನ ಪ್ರಕಾರ ಅವರು ಕೆಟ್ಟದ್ದೇ ಇದರಿಂದ. ವಾಟ್ಸಾಪ್‌ನಲ್ಲಿ ಕೋಟ್ಯಂತರ ಜನರ ನಡುವೆ ಕಳ್ಳನೂ ಒಬ್ಬ. ಎನ್‌ಕ್ರೋಚಾಟ್‌ನಲ್ಲಿದ್ದವರು ಸುಮಾರು 60,000. ಪೊಲೀಸರ ಕಣ್ಣಿಗೆ ಬಹುಪಾಲು ಎಲ್ಲರೂ ಶಂಕಿತರೇ. ಸರ್ವರ್ ಇದ್ದದ್ದು ಫ್ರಾನ್ಸಿನ ರೂಬೆ ಎಂಬ ಊರಿನಲ್ಲಿ. 2020ರ ವಸಂತದಲ್ಲಿ ಫ್ರೆಂಚ್ ಪೊಲೀಸರು ಅದರ ಮೂಲಕವೇ ಫೋನುಗಳಿಗೆ ಗೂಢಚಾರ ತಂತ್ರಾಂಶ ತೂರಿಸಿದರು. ಲಿಪಿ ಬಿಡಿಸುವ ಗೋಜೇ ಇಲ್ಲ. ಸಂದೇಶಗಳನ್ನು ಫೋನಿನಿಂದಲೇ ಎತ್ತಿಕೊಂಡರು. ನಮ್ಮವರೇ ಇರುವ ಜಾಗವೆಂದು ಅವರ ನಾಲಿಗೆ ಎಷ್ಟು ಸಡಿಲವಾಗಿತ್ತೆಂದರೆ, ಲಿವರ್‌ಪೂಲಿನ ಮಾದಕವಸ್ತು ವ್ಯಾಪಾರಿಯೊಬ್ಬ ಅಂಗೈಯಲ್ಲಿ ಸ್ಟಿಲ್ಟನ್ ಚೀಸಿನ ತುಂಡು ಹಿಡಿದು ಫೋಟೊ ಕಳಿಸಿದ್ದ. ಆ ಚಿತ್ರದಿಂದಲೇ ಬೆರಳಚ್ಚು ತೆಗೆದರು. ಹದಿಮೂರೂವರೆ ವರ್ಷ ಶಿಕ್ಷೆಯಾಯಿತು.

ಅಷ್ಟಾದರೂ ಬುದ್ಧಿ ಬರಲಿಲ್ಲ. ಒಂದು ಮುಚ್ಚಿದರೆ ಇನ್ನೊಂದಕ್ಕೆ ಹೋದರು. ಆನಮ್ ಎಂಬ ಇಂಥದ್ದೇ ಗುಪ್ತ ಸಂದೇಶದ ಆ್ಯಪ್ ಫೋನಿನ ಕ್ಯಾಲ್ಕುಲೇಟರ್ ಹಿಂದೆ ಅಡಗಿರುತ್ತಿತ್ತು, ಗ್ಯಾಂಗಿನವರೇ ಒಬ್ಬರಿಗೊಬ್ಬರು ಶಿಫಾರಸು ಮಾಡಿ ಹಂಚಿದರು. ನಡೆಸುತ್ತಿದ್ದದ್ದು ಅಮೆರಿಕದ ಎಫ್‌ಬಿಐ! 2021ರ ಜೂನ್‌ನಲ್ಲಿ ಗುಟ್ಟು ಬಿಟ್ಟುಕೊಟ್ಟಾಗ 800ಕ್ಕೂ ಹೆಚ್ಚು ಮಂದಿ ಒಳಗೆ ಹೋದರು.

ನಿಮಗೆ ರುಚಿಸುವ ವಿಷಯ ಇನ್ನೊಂದಿದೆ. ಎನ್‌ಕ್ರೋಚಾಟ್‌ನೊಳಗೆ ಹೇಗೆ ನುಗ್ಗಿದೆವು ಎಂಬುದನ್ನು ಫ್ರಾನ್ಸ್ ರಕ್ಷಣಾ ರಹಸ್ಯವೆಂದು ಹೇಳಿ ಬಾಯಿಬಿಡಲಿಲ್ಲ. ಹೀಗೆ ಪಡೆದ ಸಾಕ್ಷ್ಯವನ್ನು ಪರೀಕ್ಷಿಸುವುದು ಹೇಗೆ ಎಂದು ಆರೋಪಿಗಳ ವಕೀಲರು ಯುರೋಪಿನ ನ್ಯಾಯಾಲಯಗಳಲ್ಲಿ ವಾದಿಸಿದ್ದಾರೆ. ಪಂಚನಾಮೆಯಲ್ಲಿ ಒಂದು ಸಹಿ ಕಡಿಮೆಯಾದರೂ ಸಿಡುಕುತ್ತಿದ್ದವರು ನೀವು. ಇದನ್ನು ಒಪ್ಪುತ್ತಿದ್ದಿರಾ? ಬರೆಯಿರಿ.

ಅಮ್ಮನಿಗೆ ನಮಸ್ಕಾರ ತಿಳಿಸಿ.

ಇಂತಿ ನಿಮ್ಮ ಮಗಳು